ಹಳೆಯ ತಾಲೀಮಿನಲ್ಲಿ ಮಾಡಿದ ಅರ್ಧ ಭಾಷಣ

ಸೇಡಂ
9 ಆಗಸ್ಟ್ 2025

ಶರಣು ದಾನೇಶ್ವರಿ,

ಫೋನಾದರೆ ಕಟ್ ಮಾಡುತ್ತೀ. ಪತ್ರವನ್ನು ಹರಿದು ಬಿಸಾಡುವ ಮುನ್ನ ಒಮ್ಮೆಯಾದರೂ ತೆರೆದು ನೋಡುತ್ತೀ. ಆ ಧೈರ್ಯದ ಮೇಲೆ, ಗಂಡನೆಂಬ ಹುದ್ದೆಯಿಂದ ಇನ್ನೂ ವಜಾ ಆಗಿಲ್ಲವೆಂದು ನಂಬಿ ಬರೆಯುತ್ತಿದ್ದೇನೆ.

ನೀನು ಚಂದಾಪುರದ ತಂಗಿಯ ಮನೆಗೆ ಹೋಗಿ ಒಂಬತ್ತು ದಿನವಾಯಿತು. ತಪ್ಪು ನನ್ನದೇ. ಓಣಿ ಓಣಿ ತಿರುಗಿ ಹನ್ನೆರಡು ಹೆಂಗಸರ ಹೆಸರು ಬರೆಸಿ, ಕುಸ್ತಿಯ ಹಳೆಯ ತಾಲೀಮಿನಲ್ಲಿ ತೆರೆದ ಜಿಮ್ಮಿಗೆ ಮುಂಜಾನೆಯ ಮಹಿಳಾ ತರಗತಿ ತಂದವಳು ನೀನು. ಉದ್ಘಾಟನೆಗೆ ನನ್ನನ್ನೇ ಕರೆದೆ. ಮೂವತ್ತು ವರ್ಷ ಪಾಠ ಹೇಳಿದ ಮಾಸ್ತರನ ಕೈಗೆ ಮೈಕು ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಜಿಮ್ನೇಷಿಯಂ ಗ್ರೀಕರ ಪದ, ಅದರ ಬೇರಿನ ಅರ್ಥ ಬತ್ತಲೆ, ಗಂಡಸರು ಅಲ್ಲಿ ಬಟ್ಟೆ ಕಳಚಿಟ್ಟು ಕಸರತ್ತು ಮಾಡುತ್ತಿದ್ದರು ಎಂದೆ. ಮುಂದಿನದು ಮರೆತು ಕೂತುಬಿಟ್ಟೆ. ಸಂಜೆಯೊಳಗೆ ಹನ್ನೊಂದು ಹೆಸರು ವಾಪಸ್ಸು. ಹನ್ನೆರಡನೆಯವಳು ನೀನು, ಹೆಸರು ಹಾಗೇ ಬಿಟ್ಟು, ಗಂಡನನ್ನು ವಾಪಸ್ ಮಾಡಿ ಬಸ್ಸು ಹತ್ತಿದೆ.

ನಿನ್ನೆ ಆ ಹನ್ನೊಂದು ಮನೆಗೂ ಹೋಗಿ ಉಳಿದರ್ಧ ಹೇಳಿ ಬಂದೆ. ಅದೇ ಅಂಗಳದಲ್ಲಿ ಮುಂದೆ ತತ್ವಜ್ಞಾನಿಗಳು ಪಾಠ ಶುರು ಮಾಡಿದರು; ಜರ್ಮನಿ ಮುಟ್ಟುವಷ್ಟರಲ್ಲಿ ಆ ಪದ ಮೈತುಂಬ ಬಟ್ಟೆ ತೊಟ್ಟು ಹೈಸ್ಕೂಲಾಯಿತು, ಇಂದಿಗೂ ಹಾಗೇ ಇದೆ. ನಮ್ಮ ತಾಲೀಮು ಮಾತ್ರ ಉಲ್ಟಾ ಹೊರಟಿತು: ಉರ್ದುವಿನಲ್ಲಿ ವಿದ್ಯೆ, ನಮ್ಮ ಓಣಿಗೆ ಬಂದು ಕುಸ್ತಿಯ ಗರಡಿ.

ರಶೀದಾಬೇಗಂ ಬಾಗಿಲಲ್ಲೇ ನಿಂತು ಕೇಳಿದರು. "ಇಷ್ಟು ಛಲೋ ಮಾತ್ ಇಟ್ಕೊಂಡು, ಅವತ್ತ ಬರೇ ಬಟ್ಟಿ ಅರಿವಿ ಕಳದು ಕುಂತ್ರಲ್ರೀ ಸರ್" ಎಂದರು.

ಸಾಬಮ್ಮನ ಅತ್ತೆಯದು ಬೇರೆಯೇ ಪ್ರಶ್ನೆ. "ಗ್ರೀಕರದು ಬಿಡ್ರಿ. ನಮ್ಮ ಸೊಸಿ ಏನ್ ಹಾಕ್ಕೋತಾಳ ಅದು ಹೇಳ್ರಿ."

ಚೂಡಿದಾರ ಎಂದೆ.

"ಹಂಗಾರ ಹೋಗ್ಲಿ. ಖರೆ ನಿಮ್ಮ ಮನಿಯಾಕಿ ಮುಂದ ಇರಬೇಕು. ನಿಮ್ಮ ಮಾತ್ ನಂಬಿ ಕಳಸಂಗಿಲ್ಲ."

ಎಲ್ಲ ಮನೆಯಲ್ಲೂ ಇದೇ ಷರತ್ತು. ಹದಿನೆಂಟರ ಸೋಮವಾರ ಮುಂಜಾನೆ ಹನ್ನೊಂದು ಜನ ಬಾಗಿಲಲ್ಲಿ ನಿಂತಿರುತ್ತಾರೆ. ನೀನು ಬಾರದಿದ್ದರೆ ಜಿಮ್ಮಿನ ಆ ಹೊತ್ತು ಗಂಡಸರಿಗೆ ಹೋಗುತ್ತದಂತೆ. ನನ್ನ ಸಲುವಾಗಿ ಬರಬೇಡ, ಅಷ್ಟು ಯೋಗ್ಯತೆ ನನಗಿಲ್ಲ. ಅವರ ಸಲುವಾಗಿ ಬಾ. ಬಂದಾಗ ಮನೆ ಕಡೆ ಹಾಯ್ದರೆ, ಬಾಗಿಲು ತೆರೆಯುವ ಕಸರತ್ತು ನಾನು ಮಾಡುತ್ತೇನೆ.

ನಿನ್ನ
ಸಿದ್ದಲಿಂಗೇಶ

ತಾ.ಕ.: ಭಾಷಣದ ಮುಂದಿನ ಭಾಗ ನನಗೆ ಮರೆತಿರಲಿಲ್ಲ, ಬೇಕೆಂದೇ ಬಿಟ್ಟೆ. ಭಾಷಣದ ಹಿಂದಿನ ದಿನ, ತುಂಬಿದ ಗ್ಯಾಸ್ ಸಿಲಿಂಡರು ನನ್ನಿಂದ ಅಲುಗದೆ, ಪೇಪರು ಹಿಡಿದು ಓದುವವನಂತೆ ಕೂತಿದ್ದೆ. ನೀನು ಬಂದು ಎತ್ತಿ ಒಳಗಿಟ್ಟು, ಸುಮ್ಮನೆ ರೊಟ್ಟಿ ಬಡಿಯತೊಡಗಿದೆ. ನೀನು ನಕ್ಕಿದ್ದರೆ ಸಹಿಸಿಕೊಳ್ಳುತ್ತಿದ್ದೆ.