ಹಲ್ಲಿ ನುಡಿದ ಸಾಕ್ಷಿ

ಕರುಂಪಾರೈ ಮಲೆ

ಹಲ್ಲಿ ಎಣಿಸಲು ಬಂದಿದ್ದ ಅಮ್ಮಾವ್ರಿಗೆ ಚಿನ್ನಪೊಣ್ಣುವಿನ ವಣಕ್ಕಂ.

ಅಂದು ನಮ್ಮ ಜಗಲಿಯಲ್ಲಿ ಕೂತು ನೀವು, "ಬೇರೆಲ್ಲೂ ಇಲ್ಲದ ಆ ಬಂಡೆಹಲ್ಲಿ ಇಲ್ಲೂ ಅಳಿದುಹೋಯ್ತು ಅಲ್ವಾ?" ಎಂದಾಗ ಗೋಡೆಯ ಸಂದಿಯಲ್ಲಿ ಹಲ್ಲಿ ಲೊಚಗುಟ್ಟಿತು. ನಮ್ಮತ್ತೆ ಕೂಡಲೇ ನೆಲ ತಟ್ಟಿ, "ನಿಜ ಕಣಮ್ಮಾ, ನಿಜ" ಅಂದರು. ಹಲ್ಲಿ ನುಡಿದರೆ ಆಡಿದ ಮಾತು ನಿಜವೆನ್ನುವುದು ನಮ್ಮ ರೂಢಿ. ನೀವು ಅದನ್ನೇ ಬರೆದುಕೊಂಡು ಹೋದಿರಿ.

ನೀವು ಹೋದ ಮೇಲೆ ಸಂದಿಯಲ್ಲಿ ಇಣುಕಿ ನೋಡಿದೆವು: ನುಡಿದದ್ದು ಮನೆಹಲ್ಲಿಯಲ್ಲ, ಅದೇ ಬಂಡೆಹಲ್ಲಿ.

ಈಗ ಹಲ್ಲಿ ಇಲ್ಲವೆಂದು ಕ್ವಾರಿಗೆ ಅನುಮತಿ ಸಿಕ್ಕಿದೆ. "ನನ್ ನಾಲಗೆಗೆ ಬೆಂಕಿ ಬೀಳ" ಎಂದು ಅತ್ತೆ ಊಟ ಬಿಟ್ಟಿದ್ದಾರೆ. ಬಂಡೆಗೆ ಮದ್ದಿಡುವ ಮೊದಲು ಇನ್ನೊಮ್ಮೆ ಬನ್ನಿ.

"ಅಮ್ಮಾವ್ರು ಬಂದೇ ಬರ್ತಾರೆ" ಎಂದು ಗಟ್ಟಿಯಾಗಿ ಹೇಳಿ ಕಾದೆವು. ಹಲ್ಲಿ ಸುಮ್ಮನಿದೆ.

ನೆಲ ತಟ್ಟಲು ಬೆರಳು ಮಡಚಿ ಕೂತಿರುವ,
ಚಿನ್ನಪೊಣ್ಣು