ಜ್ಞಾನಭಾರತಿ ರಸ್ತೆಯ ಕಿರೀಟ

ಮಹದೇವಾ,

ನಿನ್ನೆ ನಿನ್ನ ತಲೆದಿಂಬಿನ ಪಕ್ಕ ಇಟ್ಟು ಬಂದೆನಲ್ಲ, ಆ ದೂರಿನ ಅರ್ಜಿ, ಅದಕ್ಕೆ ಸಹಿ ಹಾಕಬೇಡ. ಇವತ್ತು ಸಂಜೆ ನಿನ್ನ ಮಗಳು ಸಿಂಚನಾ ಕಾಲೇಜಿನಿಂದ ಬಂದು ಕಾಗದ ಹಿಡಿದುಕೊಂಡರೆ ಎಡಗೈಯಲ್ಲೇ ಗೀಚುತ್ತೇನೆ ಎಂದು ನೀನಂದಿದ್ದೆ. ಅವಳು ಬರುವುದರೊಳಗೆ ಇದನ್ನು ಓದಿಬಿಡು.

ಇಪ್ಪತ್ತು ವರ್ಷದಿಂದ ವಿಜಯನಗರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾ ಪತ್ರಿಕೆಗಳಲ್ಲಿ ಹಾಸ್ಯ ಬರೆದುಕೊಂಡು ಬಂದವನು ನಾನು. ನಗೆಯಿಲ್ಲದೆ ಬರೆದದ್ದು ಆ ಅರ್ಜಿಯೊಂದನ್ನೇ. ಅದರಲ್ಲಿರುವುದು ಪೂರ್ತಿ ಸುಳ್ಳು.

ನಮ್ಮ ಹುಚ್ಚು ನಿನಗೆ ಗೊತ್ತೇ ಇದೆ. ಬೆಳಗಿನ ಐದೂವರೆಗೆ ಅತ್ತಿಗುಪ್ಪೆ ಮೆಟ್ರೋ ಕೆಳಗೆ ಸೇರುತ್ತಿದ್ದ ಹನ್ನೆರಡು ನಡುವಯಸ್ಸಿನ ಹೊಟ್ಟೆಗಳು. ಮೊದಲು ಹೊಟ್ಟೆ ಕರಗಿಸಲು ಸೈಕಲ್ ತುಳಿದೆವು, ಸವಾರಿಯ ವೇಗ ಅಳೆಯುವ ಆ್ಯಪ್ ಬಂದ ಮೇಲೆ ಹೊಟ್ಟೆಕಿಚ್ಚಿಗೆ ತುಳಿದೆವು. ಜ್ಞಾನಭಾರತಿಯ ಆ ಒಂದೂವರೆ ಕಿಲೋಮೀಟರನ್ನು ಎಲ್ಲರಿಗಿಂತ ಬೇಗ ಮುಗಿಸಿದವನ ಹೆಸರಿನ ಮುಂದೆ ಫೋನಿನಲ್ಲಿ ಒಂದು ಕಿರೀಟ, ಗೋಡಂಬಿಯಷ್ಟು ದೊಡ್ಡದು. ಎಂಟು ತಿಂಗಳಿಂದ ಅದು ನಿನ್ನದಾಗಿತ್ತು. ನಾನು ಮೂರೇ ಸೆಕೆಂಡು ಹಿಂದಿದ್ದೆ.

ನೀನು ಬಿದ್ದದ್ದಕ್ಕೆ ಹಿಂದಿನ ಭಾನುವಾರ ಟೀ ಅಂಗಡಿ ಮುಂದೆ ಎಲ್ಲರೆದುರು ನೀನಂದೆ: "ಮೇಷ್ಟ್ರು ಸಂಧಿ ಬಿಡ್ಸೋದ್ರಲ್ಲಿ ಹುಲಿ ಕಣ್ರೋ, ಸಂದೀಲಿ ನುಗ್ಗು ಅಂದ್ರೆ ಇಲಿ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಊರಿನವರ ಮೇಲೆಲ್ಲ ಮಾತು ಕಟ್ಟಿ ಬದುಕುವ ನನಗೆ ನನ್ನ ಮೇಲೆ ಕಟ್ಟಿದ ಒಂದು ಮಾತು ಅರಗಲಿಲ್ಲ. ವಾರವಿಡೀ ಅದನ್ನು ಮೆಲುಕು ಹಾಕಿದೆ.

ಆವತ್ತು ಬೆಳಿಗ್ಗೆ ನಾನು ಸಂದಿಯಲ್ಲಿ ನುಗ್ಗಿದೆ, ಮಹದೇವಾ. ಅಲ್ಲಿ ರಸ್ತೆ ಗುಡಿಸುವ ಹೆಂಗಸು ಒಣಗಿದ ಎಲೆಗಳನ್ನು ಎಂದಿನಂತೆ ರಸ್ತೆಯ ಎಡ ಅಂಚಿಗೆ ಗುಡಿಸಿ ಗುಡ್ಡೆ ಮಾಡಿದ್ದಳು. ಗುಡ್ಡೆ ಇರಬೇಕಾದ ಜಾಗದಲ್ಲೇ ಇತ್ತು. ನಿನ್ನನ್ನು ಬಲಗಡೆಯಿಂದ ದಾಟಿದವನು, ಪೂರ್ತಿ ಮುಂದೆ ಹೋಗುವ ಮೊದಲೇ ಎಡಕ್ಕೆ ಎಳೆದೆ. ನಿನಗೆ ಹೋಗಲು ಉಳಿದದ್ದು ಆ ಮಂಜು ನೆನೆದ ಎಲೆಗಳ ಮೇಲೆ ಮಾತ್ರ. ಹಿಂದೆ ಲೋಹ ಉಜ್ಜಿದ ಸದ್ದು ಕೇಳಿತು. "ಅಯ್ಯೋ, ಬಿದ್ಬುಟ್ರು ಕಣಪ್ಪಾ! ನಿಂತ್ಕಳಪ್ಪಾ!" ಅಂತ ಆಕೆ ಕೂಗಿದ್ದೂ ಕೇಳಿತು.

ಇನ್ನೂ ಮುನ್ನೂರು ಮೀಟರ್ ಇತ್ತು. ನಾನು ತುಳಿದೆ. ನನ್ನ ಹೆಲ್ಮೆಟ್ಟಿನೊಳಗೆ ಆಗ ಹೆಡ್ಡು ಇರಲಿಲ್ಲ, ಬರೀ ಹೆಡ್ಡತನ ಇತ್ತು ಎಂದು ಬರೆದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ತಲೆ ಚೆನ್ನಾಗಿಯೇ ಓಡುತ್ತಿತ್ತು. ಸವಾರಿ ಮುಗಿಸಿ ಸೇವ್ ಮಾಡುವವರೆಗೆ ಕಿರೀಟ ಬಂತೋ ಇಲ್ಲವೋ ತಿಳಿಯುವುದಿಲ್ಲ ಎಂಬುದು ನೆನಪಿತ್ತಲ್ಲ! ಮರದ ಕೆಳಗೆ ನಿಂತು ಸೇವ್ ಒತ್ತಿದೆ. ನೆಟ್‌ವರ್ಕ್ ಸಿಗದೆ ತೆರೆಯ ಮೂಲೆಯಲ್ಲಿ ಚಕ್ರ ಸುತ್ತುತ್ತಾ ಇತ್ತು. ನಾನು ಕಾದೆ. ಕಿರೀಟ ಬಂದ ಮೇಲೆ ಸೈಕಲ್ ತಿರುಗಿಸಿದೆ. ನಾಲ್ಕು ನಿಮಿಷ.

ಅಷ್ಟರಲ್ಲಿ ಆಕೆ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ವಾಕಿಂಗಿಗೆ ಬಂದಿದ್ದವರೊಬ್ಬರಿಂದ ಆಂಬುಲೆನ್ಸಿಗೆ ಫೋನ್ ಮಾಡಿಸಿದ್ದಳು. ನಿನ್ನ ಬೆನ್ನ ಜೇಬಿನಿಂದ ಜಾರಿಬಿದ್ದ ಫೋನನ್ನು ನನ್ನತ್ತ ಚಾಚಿ, "ನೋಡಪ್ಪಾ, ಮನೆಯೋರು ಏನೋ ಕಳ್ಸವ್ರೆ. ಗಾಬ್ರಿ ಆಗವ್ರೇನೋ" ಅಂದಳು. ತೆರೆಯ ಮೇಲಿದ್ದದ್ದು ಮನೆಯವರ ಸಂದೇಶವಲ್ಲ. ಸುಬ್ರಮಣಿ, ಅಂದರೆ ನಾನು, ನಿನ್ನ ಕಿರೀಟ ಕಿತ್ತುಕೊಂಡಿದ್ದಾನೆ ಎಂದು ಆ್ಯಪ್ ಕಳಿಸಿದ ಸುದ್ದಿ. ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, "ಏನಿಲ್ಲಮ್ಮ" ಅಂದೆ. ಸಂಜೆ ಆ ಸವಾರಿ ಯಾರಿಗೂ ಕಾಣದಂತೆ ಮುಚ್ಚಿಟ್ಟೆ. ಕಿರೀಟ ಸದ್ದಿಲ್ಲದೆ ನಿನ್ನ ಹೆಸರಿಗೆ ವಾಪಸ್ಸು ಹೋಯಿತು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ನಿನಗೆ ಆ ಬೆಳಗು ನೆನಪಿರಲಿಲ್ಲ. "ಗುಡ್ಡೆ ರಸ್ತೆ ಮಧ್ಯ ಇತ್ತು, ನೀನು ಬಿದ್ದ ಕೂಡಲೇ ತಿರುಗಿ ಬಂದೆ" ಎಂದೆ. "ನಂಗೇನೂ ನೆನಪಿಲ್ಲ ಗುರು, ನೀನ್ ಹೇಳಿದ್ದೇ ಸರಿ" ಎಂದ ನೀನು, ಬಂದವರಿಗೆಲ್ಲ ಅದನ್ನೇ ಹೇಳಿದೆ. ಸಿಂಚನಾ ನನ್ನ ಕಾಲಿಗೆ ಬಿದ್ದಳು ಕಣೋ. "ಅಂಕಲ್, ನೀವಿಲ್ದಿದ್ರೆ ಅಪ್ಪ..." ಅಂದಳು. ನಾನು ಕಾಲು ಹಿಂದಕ್ಕೆಳೆದುಕೊಳ್ಳಲೂ ಇಲ್ಲ. ಸೈಕಲ್ ಬಳಗದವರು ಗುಡಿಸುವವಳನ್ನು ಕೆಲಸದಿಂದ ತೆಗೆಸಬೇಕೆಂದು ಹಟ ಹಿಡಿದಾಗ, ಒಳ್ಳೆಯ ಕನ್ನಡ ಬರುವುದು ಇವನಿಗೇ ಎಂದು ಅರ್ಜಿ ಬರೆಯುವ ಕೆಲಸ ನನಗೇ ಬಂತು. ಬರೆದುಕೊಟ್ಟೆ. ಅವಳ ಹೆಸರು ಗೊತ್ತಿರಲಿಲ್ಲವಾದ್ದರಿಂದ ಆ ಜಾಗ ಖಾಲಿ ಬಿಟ್ಟೆ.

ಹೆಸರು ಕೇಳಿಕೊಂಡು ಬರಲು ಇವತ್ತು ಬೆಳಿಗ್ಗೆ ಹೋಗಿದ್ದೆ. ನನ್ನನ್ನು ಗುರುತು ಹಿಡಿದು ಪೊರಕೆ ಕೆಳಗಿಟ್ಟಳು. "ಆ ಸಾರ್ ಹೆಂಗವ್ರೆ? ಭುಜ ಕೂಡ್ತಾ?" ಅಂದಳು. ನಾನು ತಡವರಿಸಿದ್ದು ನೋಡಿ, ಮಗುವನ್ನು ಸಮಾಧಾನ ಮಾಡುವಂತೆ, "ಬುಡಪ್ಪಾ, ಗಾಬ್ರೀಲಿ ಮುಂದಕ್ಕೋದ್ರಿ. ಆಮೇಕ್ ಬಂದ್ರಲ್ಲಾ, ನಾನ್ ಯಾರ್ಗೂ ಯೋಳಿಲ್ಲ" ಅಂದಳು.

ಅವಳು ಎಲ್ಲವನ್ನೂ ನೋಡಿದ್ದಳು, ಮಹದೇವಾ. ನನ್ನ ಮಾನ ಕಾಯಲು ಸುಮ್ಮನಿದ್ದಳು. ಅವಳ ಅನ್ನ ಕೀಳುವ ಕಾಗದದ ನಕಲು ನನ್ನ ಜೇಬಿನಲ್ಲಿತ್ತು. ಹೆಸರು ಕೇಳಿದೆ. ಪಾಪಮ್ಮ. ಒಂದು ಹೆಸರು ಕೇಳಿ ಯಾವ ಚೇಷ್ಟೆಯ ಮಾತೂ ಹೊಳೆಯದೇ ಇದ್ದದ್ದು ನನ್ನ ಜೀವನದಲ್ಲಿ ಇದೇ ಮೊದಲು.

ಈ ಕಾಗದ ನಿನ್ನ ಕೈಸೇರಿದ ಕೂಡಲೇ ಮುಚ್ಚಿಟ್ಟ ಸವಾರಿಯನ್ನು ತೆರೆದಿಡುತ್ತೇನೆ. ಬಳಗದ ವಾಟ್ಸಾಪ್ ಗುಂಪಿಗೆ ನಡೆದದ್ದನ್ನೆಲ್ಲ ಬರೆದು ಹಾಕುತ್ತೇನೆ, ನೀನು ಇಲ್ಲಿಯವರೆಗೆ ಓದುವ ಹೊತ್ತಿಗೆ ಬೈಗುಳ ಶುರುವಾಗಿರುತ್ತದೆ. ನಿನಗೆ ಮಾತ್ರ ಫೋನಿನಲ್ಲಿ ತಿಳಿಯಬಾರದೆಂದು ಈ ಕಾಗದ. ಕ್ಷಮಿಸು ಎಂದು ಕೇಳಲು ಬಾಯಿ ಬರುತ್ತಿಲ್ಲ.

ಇದನ್ನು ನಾನೇ ತಂದು ನಿಮ್ಮ ಮನೆಯ ಬಾಗಿಲಲ್ಲಿ ಕೊಟ್ಟು, ಕೆಳಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ಬೈಯಬೇಕೆನಿಸಿದರೆ ಕಿಟಕಿಯಿಂದ ಕೂಗು. ಮುಖ ನೋಡಬಾರದೆನಿಸಿದರೆ ಅರ್ಜಿಯನ್ನು ಹಲ್ಲಲ್ಲಿ ಕಚ್ಚಿಯಾದರೂ ಹರಿದು ಕೆಳಗೆಸೆ. ಆ ಚೂರುಗಳನ್ನು ಆರಿಸಿಕೊಂಡು ಹೋಗುತ್ತೇನೆ.

ನಿನ್ನ ಮೂಳೆ ನೆಟ್ಟಗೆ ಕೂಡಲಿ. ಮತ್ತೆ ಸೈಕಲ್ ಏರುವ ದಿನ ನಿನ್ನ ಪಕ್ಕದಲ್ಲಿ ನನಗಿಂತ ಒಳ್ಳೆಯವನೊಬ್ಬನಿರಲಿ.

ಗೇಟಿನ ಬಳಿ ನಿಂತಿರುವ,
ಸುಬ್ರಮಣಿ