ಮಗುಚಿ ಹಾಕಿದ ಫೋಟೋ

ವಡಾಲ, ಮುಂಬಯಿ
೧೯ ಜುಲೈ ೧೯೭೪, ಶುಕ್ರವಾರ

ಪ್ರೀತಿಯ ರಮಾನಾಥಣ್ಣನಿಗೆ,

ಸೇವಂತಿಯ ನಮಸ್ಕಾರ. ನಿನ್ನ ಸಿಟ್ಟಿನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ನಾಲ್ಕು ಸಲ ಕೂತು ನಾಲ್ಕು ಸಲವೂ ಎದ್ದೆ. ತಪ್ಪಾಯಿತು, ಕ್ಷಮಿಸು. ಕಲ್ಕತ್ತದಲ್ಲಿ ನಿನಗೆ ಊಟ ಸರಿ ಸಿಗುತ್ತಿದೆಯೇ ಎಂದು ಅಮ್ಮ ಕೇಳುತ್ತಲೇ ಇರುತ್ತಾಳೆ, ಅಪ್ಪ ಹೋಟೆಲಿಗೆ ಹೋದ ಮೇಲೆ.

"ನನ್ನ ಬಗ್ಗೆ ಬಂದ ಲೇಖನದಲ್ಲಿ ಈ ಬಲಗೈ ತಬಲಾದವನು ಯಾರು?" ಎಂದು ಕೇಳಿದ್ದೀಯಲ್ಲ, ಅವನು ನೀನೇ. ನಮ್ಮ ಸಂಗೀತ ಪತ್ರಿಕೆಯಲ್ಲಿ ಆ ಎರಡು ಪುಟ ಜೋಡಿಸಿದವಳು ನಾನು. ತಲೆಬರಹವನ್ನು ಎರಡೂ ಪುಟಕ್ಕೆ ಹರಡಿ, ಎಡಪುಟದ ತುಂಬ ನಿನ್ನನ್ನು ಕೂರಿಸಿದ್ದೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಫೋಟೋದಲ್ಲಿರುವವರ ಮುಖ ಬರಹದ ಕಡೆಗೆ ನೋಡಬೇಕು. ಹೊರಗೆ ನೋಡಿದರೆ ಓದುವವರ ಕಣ್ಣೂ ಪುಟ ಬಿಟ್ಟು ಹೋಗುತ್ತದಂತೆ. ನಿನ್ನ ಮುಖ ಹೊರಗೆ ತಿರುಗಿತ್ತು. ನೆಗೆಟಿವ್ ಮಗುಚಿ ಹಾಕಿ, ಎಡಬಲ ಅದಲುಬದಲಾದ ಪ್ರಿಂಟ್ ತೆಗೆಸಿದೆ. ಹಾಡುವವರಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೀನು ಎಡಗೈ ತಬಲಾದವನು, ಪುಟದಲ್ಲಿ ಬಲಗೈಯವನಾಗಿಬಿಟ್ಟೆ.

ಅಲ್ಲಿಗೇ ಮುಗಿದಿದ್ದರೆ ತಿದ್ದುಪಡಿ ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಮಾಟುಂಗದ ಹೋಟೆಲಿನ ಗಿರಾಕಿಯೊಬ್ಬರು ಆ ಪುಟವನ್ನು ಅಪ್ಪನಿಗೆ ತೋರಿಸಿದರು. ದೇವರ ಮುಂದೆ ಎಡಗೈ ಮುಂದು ಮಾಡಿದೆಯೆಂದು ಭಜನೆಯ ನಡುವೆ ನಿನ್ನನ್ನು ಎಬ್ಬಿಸಿ ಕಳಿಸಿದ ಅಪ್ಪ, ಹನ್ನೊಂದು ವರ್ಷ ನಿನ್ನ ಹೆಸರೆತ್ತದ ಅಪ್ಪ, ಹಿಟ್ಟಿನ ಕೈ ಒರೆಸಿಕೊಂಡು ಪತ್ರಿಕೆಯನ್ನು ಮನೆಗೇ ತಂದರು!

"ನೋಡು ಸೇವಂತಿ, ಕಡೆಗೂ ಬಲಗೈಗೆ ಬಂದ. ಅವತ್ತು ನಾನು ಬೈದದ್ದು ಸುಮ್ಮನೆ ಹೋಗ್ಲಿಲ್ಲ. ಈ ಸಲ ಚೌತಿಗೆ ಬರ್ಲಿ ಮಾರಾಯ್ತಿ, ಭಜನೆಗೆ ಅವನೇ ಕೂರ್ಲಿ" ಅಂದರು. ನಿನ್ನ ಎಡಗೆನ್ನೆಯ ಮಚ್ಚೆ ಬಲಕ್ಕೆ ಹೋದದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ. ಅಮ್ಮ ಒಮ್ಮೆ ಫೋಟೋ, ಒಮ್ಮೆ ನನ್ನ ಮುಖ ನೋಡಿ ಒಳಗೆ ಹೋದಳು.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಲೋಕಲ್‌ನಲ್ಲಿ ಇಳಿಯಬೇಕಾದ ಸ್ಟೇಷನ್ ದಾಟಿ ಹೋಗುತ್ತೇನೆ. ತಿದ್ದುಪಡಿ ಹಾಕಿದರೆ ಅಪ್ಪ ನಿನ್ನನ್ನು ಕರೆಯುವುದಿಲ್ಲ. ಹಾಕದಿದ್ದರೆ ನೀನು ನನ್ನನ್ನು ಕ್ಷಮಿಸುವುದಿಲ್ಲ. ಒಂದು ದಿನದ ಮಟ್ಟಿಗೆ ಅಣ್ಣ ಬಲಗೈಯಲ್ಲೇ ನುಡಿಸಲಿ ಎಂದೂ ಯೋಚಿಸಿದೆ, ನೋಡು ನನ್ನ ಬುದ್ಧಿ!

ಸಂಪಾದಕರು, "ಎರಡು ಸಾಲು ಸಾಕು, ಕೊನೇ ಪುಟದ ಮೂಲೆಗೆ ಹಾಕು" ಅಂದರು. ನಾನು ಕೇಳಲಿಲ್ಲ. ಜಾಹೀರಾತು ಬಾರದೆ ಖಾಲಿ ಉಳಿದಿದ್ದ ಅರ್ಧ ಪುಟವನ್ನು ಜಗಳವಾಡಿ ಕಿತ್ತುಕೊಂಡು, ಅದೇ ಫೋಟೋವನ್ನು ಮಗುಚದೆ, ನೀನು ಇರುವ ಹಾಗೇ ದೊಡ್ಡದಾಗಿ ಅಂಟಿಸಿದೆ. ಮುಖ ಹೊರಗೇ ನೋಡುತ್ತಿದೆ, ನೋಡಲಿ. ಇವತ್ತು ಮಧ್ಯಾಹ್ನ ಪರೇಲಿನ ಪ್ರೆಸ್ಸಿಗೆ ನಾನೇ ಹೋಗಿ ಕೊಟ್ಟು ಬಂದೆ. ಒಂದನೇ ತಾರೀಕಿಗೆ ಸಂಚಿಕೆ ಬರುತ್ತದೆ. ಅದಕ್ಕೆ ಮೊದಲು ಅಪ್ಪನಿಗೆ ನಾನೇ ಹೇಳಬೇಕು. ಎಂತ ಹೇಳುವುದೋ.

ಕಿರಿಯಳಾದರೂ ಹರಸುತ್ತೇನೆ: ದೇವರು ನಿನ್ನ ಎರಡೂ ಕೈಗಳನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಸೇವಂತಿ

ತಾ.ಕ.: ಮುಖ ಹೊರಗಿತ್ತು, ಅದಕ್ಕೇ ಮಗುಚಿದೆ ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಒಳಗೆ ನೋಡುವ ಫೋಟೋ ಬೇರೆ ಎರಡಿದ್ದವು, ಎರಡೂ ಚೆನ್ನಾಗಿದ್ದವು. ಅವನ್ನು ಡ್ರಾಯರಿನಲ್ಲಿಟ್ಟು ಇದನ್ನೇ ಆರಿಸಿಕೊಂಡೆ. ಅಪ್ಪನಿಗೋಸ್ಕರ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಅಲ್ಲ ಅಣ್ಣ. ಪ್ರಿಂಟ್ ಕೈಗೆ ಬಂದಾಗ, ನೀನು ಎಲ್ಲರ ಹಾಗೆ ಕೂತದ್ದನ್ನು ನೋಡಿ ನನಗೇ ಸಮಾಧಾನವಾಗಿತ್ತು.